ಓವನ್ ಬೇಡದ ಕ್ಯಾರಮೆಲ್ ಕೊಬ್ಬರಿ ಟ್ರಫಲ್: ಎಲ್ಲವೂ ನೀರಿನ ಲೆಕ್ಕ

ಬಿಸ್ಕೆಟ್ ಪುಡಿ, ಹುರಿದ ಕೊಬ್ಬರಿ ತುರಿ, ಕ್ಯಾರಮೆಲ್ ಮೂರನ್ನೂ ಕಲೆಸಿ ಉಂಡೆ ಕಟ್ಟಿ, ಕರಗಿದ ಚಾಕೊಲೇಟಿನಲ್ಲಿ ಅದ್ದಿ ತೆಗೆದರೆ ಟ್ರಫಲ್ ಸಿದ್ಧ. ಹೇಳುವುದಕ್ಕೆ ಇಷ್ಟೇ. ಆದರೆ ಮಾಡಿ ನೋಡಿದವರಿಗೆ ಗೊತ್ತು, ಒಂದು ಸಲ ಉಂಡೆ ತಟ್ಟೆಯಲ್ಲೇ ಇಳಿದು ಚಪ್ಪಟೆಯಾಗುತ್ತದೆ, ಇನ್ನೊಂದು ಸಲ ಹಲ್ಲಿಗೆ ಅಂಟಿ ಬಿಡುವುದೇ ಇಲ್ಲ. ಹೊರಗಿನ ಚಾಕೊಲೇಟ್ ಒಮ್ಮೆ ಮಿರಮಿರ ಮಿಂಚುತ್ತದೆ, ಮತ್ತೊಮ್ಮೆ ವಿಭೂತಿ ಬಳಿದ ಹಾಗೆ ಬೆಳ್ಳಗಾಗುತ್ತದೆ. ಇವನ್ನೆಲ್ಲ ಬೇರೆ ಬೇರೆ ತಪ್ಪುಗಳೆಂದು ನೋಡುವುದಕ್ಕಿಂತ ನೀರಿನ ಬೆನ್ನು ಹತ್ತಿದರೆ ಮುಕ್ಕಾಲು ಪಾಲು ಬಿಡಿಸಿಕೊಳ್ಳುತ್ತದೆ. ಕ್ಯಾರಮೆಲ್‌ನಲ್ಲಿ ಎಷ್ಟು ನೀರು ಉಳಿದಿದೆ, ಬಿಸ್ಕೆಟ್ ಅದರಲ್ಲಿ ಎಷ್ಟು ಹೀರುತ್ತದೆ, ಕೊಬ್ಬರಿ ತನ್ನದೆಷ್ಟು ಸೇರಿಸುತ್ತದೆ, ಚಾಕೊಲೇಟಿಗೆ ಒಂದು ಹನಿಯೂ ತಾಗದಂತೆ ಹೇಗೆ ಕಾಯುವುದು ಎಂಬುದೇ ಇಲ್ಲಿನ ಕೆಲಸ.

ಕ್ಯಾರಮೆಲ್, ಕೊಬ್ಬರಿ, ಚಾಕೊಲೇಟ್ ಈ ಮೂರರ ಜೋಡಿ ಹೆಸರಾದದ್ದು ಅಮೆರಿಕದಲ್ಲಿ. ಅಲ್ಲಿನ ಗರ್ಲ್ ಸ್ಕೌಟ್ಸ್ ಹುಡುಗಿಯರು 1917ರಲ್ಲಿ ಓಕ್ಲಹೋಮಾದ ಮಸ್ಕೋಗಿ ಊರಲ್ಲಿ ಕುಕೀ ಮಾರಿ ಹಣ ಕೂಡಿಸಲು ಶುರುಮಾಡಿದರು. ಅವರು ಈಗಲೂ ಮಾರುವ ಕುಕೀಗಳಲ್ಲಿ ಒಂದು, ಕ್ಯಾರಮೆಲ್ ಮತ್ತು ಹುರಿದ ಕೊಬ್ಬರಿ ಮೆತ್ತಿ ಚಾಕೊಲೇಟ್ ಗೆರೆ ಎಳೆದ ಬಳೆಯಾಕಾರದ ಬಿಸ್ಕೆಟ್. ತಯಾರಿಸುವ ಬೇಕರಿಗಳು ಎರಡಾದ್ದರಿಂದ ಒಂದೇ ಕುಕೀಗೆ ಸಮೋವಾಸ್, ಕ್ಯಾರಮೆಲ್ ಡಿಲೈಟ್ಸ್ ಎಂದು ಎರಡು ಹೆಸರು. ಆ ರುಚಿಯನ್ನೇ ಬೇಯಿಸುವ ಗೊಡವೆಯಿಲ್ಲದೆ ಉಂಡೆಯೊಳಗೆ ತರುವುದು ಈ ಟ್ರಫಲ್. ಓವನ್ ಬೇಡವೆಂದ ಮಾತ್ರಕ್ಕೆ ಒಲೆಯೇ ಬೇಡ ಎಂದಲ್ಲ. ಕ್ಯಾರಮೆಲ್‌ಗೆ ಬೆಂಕಿ ಬೇಕೇ ಬೇಕು.

ಅಳತೆಯನ್ನು ಗ್ರಾಂನಲ್ಲೇ ಇಟ್ಟುಕೊಳ್ಳಿ. ಅಡುಗೆಮನೆಯ ಪುಟ್ಟ ಡಿಜಿಟಲ್ ತಕ್ಕಡಿ ಇಲ್ಲಿ ಥರ್ಮಾಮೀಟರಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ, ಯಾಕೆಂಬುದು ಮುಂದೆ ತಿಳಿಯುತ್ತದೆ. ಒಳಗಿನ ಹೂರಣಕ್ಕೆ ಮಾರಿ ಬಿಸ್ಕೆಟ್ 150 ಗ್ರಾಂ, ಒಣ ಕೊಬ್ಬರಿ ತುರಿ 80 ಗ್ರಾಂ, ತುಪ್ಪ 15 ಗ್ರಾಂ. ಕ್ಯಾರಮೆಲ್‌ಗೆ ಸಕ್ಕರೆ 150 ಗ್ರಾಂ, ಬೆಣ್ಣೆ 50 ಗ್ರಾಂ, ಪ್ಯಾಕೆಟ್ಟಿನ ಫ್ರೆಶ್ ಕ್ರೀಮ್ 120 ಗ್ರಾಂ, ಪುಡಿ ಉಪ್ಪು 3 ಗ್ರಾಂ. ಅಂಗಡಿಯ ಹಳದಿ ಬೆಣ್ಣೆಯಲ್ಲಿ ಉಪ್ಪು ಮೊದಲೇ ಇರುತ್ತದೆ, ಅದನ್ನು ಬಳಸಿದರೆ 2 ಗ್ರಾಂ ಉಪ್ಪು ಸಾಕು. ಹೊರಕವಚಕ್ಕೆ 300 ಗ್ರಾಂ ಚಾಕೊಲೇಟ್, ಮೇಲೆ ಉದುರಿಸಲು ಇನ್ನೊಂದು 20 ಗ್ರಾಂ ಹುರಿದ ಕೊಬ್ಬರಿ. ಇಷ್ಟರಿಂದ 15 ಗ್ರಾಂ ತೂಕದ 32 ಅಥವಾ 33 ಉಂಡೆ ಆಗುತ್ತವೆ. ಚಾಕೊಲೇಟ್ ಉಂಡೆಯೊಂದಕ್ಕೆ 7-8 ಗ್ರಾಂ ಹಿಡಿಯುತ್ತದೆ, ಮಿಕ್ಕದ್ದು ಪಾತ್ರೆಯಲ್ಲಿ ಉಳಿಯುತ್ತದೆ. ಆದರೂ 300 ಗ್ರಾಂ ಕರಗಿಸಲೇಬೇಕು. ಆಳವಿಲ್ಲದಿದ್ದರೆ ಉಂಡೆ ಮುಳುಗುವುದಿಲ್ಲ.

ಕೊಬ್ಬರಿ ಮತ್ತು ಬಿಸ್ಕೆಟ್

ಹಸಿ ತೆಂಗಿನಕಾಯಿ ತುರಿಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ. ಅಂಗಡಿಯ ಡೆಸಿಕೇಟೆಡ್ ತುರಿಯಲ್ಲಿ ಅದು ನೂರಕ್ಕೆ ಮೂರರ ಆಸುಪಾಸು. ಆದ್ದರಿಂದ 80 ಗ್ರಾಂ ಒಣ ತುರಿಯ ಜಾಗದಲ್ಲಿ 80 ಗ್ರಾಂ ಹಸಿ ತುರಿ ಹಾಕಿದರೆ ಉಂಡೆಯೊಳಗೆ ಮೂರು ದೊಡ್ಡ ಚಮಚದಷ್ಟು ನೀರು ಸುರಿದಂತೆ. ಉಂಡೆ ಸಡಿಲವಾಗುತ್ತದೆ, ಮೂರನೇ ದಿನಕ್ಕೆ ಹುಳಿ ವಾಸನೆಯೂ ಬರುತ್ತದೆ. ಹಸಿ ಕಾಯಿಯ ಪರಿಮಳವೇ ಬೇಕೆನ್ನುವವರು ಬೇರೆ ಸಿಹಿ ಮಾಡಿಕೊಳ್ಳುವುದು ಒಳ್ಳೆಯದು, ಇದಕ್ಕೆ ಅದು ಹೊಂದುವುದಿಲ್ಲ.

ಡೆಸಿಕೇಟೆಡ್ ತುರಿಗಿಂತ ರುಚಿಯಾದದ್ದು ಬೇಕಿದ್ದರೆ ತಿಪಟೂರು ಕಡೆಯ ಉಂಡೆ ಕೊಬ್ಬರಿ ತನ್ನಿ. ಹೊರಗಿನ ಕಂದು ಸಿಪ್ಪೆ ಹೆರೆದು ತೆಗೆದು ಸಣ್ಣಗೆ ತುರಿಯಿರಿ. ತರುವಾಗ ಮೂಸಿ ನೋಡಿ, ಕಮಟು ವಾಸನೆಯಿದ್ದರೆ ಬೇಡ. ಹುರಿದರೂ ಅದು ಹೋಗುವುದಿಲ್ಲ, ಚಾಕೊಲೇಟಿನೊಳಗೆ ಮುಚ್ಚಿಟ್ಟರೂ ಬಾಯಿಗೆ ಸಿಗುತ್ತದೆ. ತುರಿಯನ್ನು ಅಗಲವಾದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಆರೆಂಟು ನಿಮಿಷ ಕೈಬಿಡದೆ ಮಗುಚಬೇಕು. ಮೊದಲ ನಾಲ್ಕು ನಿಮಿಷ ಏನೂ ಆಗುತ್ತಿಲ್ಲವೆನಿಸುತ್ತದೆ. ಆಮೇಲೆ ಅಂಚಿನ ಎಳೆಗಳು ಹೊಂಬಣ್ಣಕ್ಕೆ ತಿರುಗುತ್ತಿದ್ದಂತೆ ಉಳಿದದ್ದು ಅರ್ಧ ನಿಮಿಷದಲ್ಲಿ ಹಿಂದೆಯೇ ಬರುತ್ತದೆ. ನಿಮಗೆ ಬೇಕಾದ ಬಣ್ಣಕ್ಕಿಂತ ಒಂದು ಮೆಟ್ಟಿಲು ಕೆಳಗಿರುವಾಗಲೇ ಒಲೆ ಆರಿಸಿ ತಣ್ಣನೆಯ ತಟ್ಟೆಗೆ ಸುರುವಿ. ಬಾಣಲೆಯಲ್ಲೇ ಬಿಟ್ಟರೆ ಅದರ ಕಾವಿಗೆ ಸೀದು ಕಹಿಯಾಗುತ್ತದೆ.

ಬಿಸ್ಕೆಟ್ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪು, ಮಿಕ್ಸಿಯಲ್ಲಿ ಹಿಟ್ಟಿನ ಹಾಗೆ ನುಣ್ಣಗೆ ಮಾಡುವುದು. ಪುಡಿ ನುಣ್ಣಗಾದಷ್ಟೂ ನೀರು ಹೀರುವ ಮೈ ಹೆಚ್ಚುತ್ತದೆ, ಕ್ಯಾರಮೆಲ್ ಸೇರಿದೊಡನೆ ಕಣಕದ ಹಾಗೆ ಮುದ್ದೆಯಾಗಿಬಿಡುತ್ತದೆ. ತೀರ ದಪ್ಪ ಚೂರುಗಳಿದ್ದರೆ ಉಂಡೆ ಬಿರಿಯುತ್ತದೆ. ಉಪ್ಪಿಟ್ಟಿನ ರವೆಯಷ್ಟು ತರಿಯಿರಲಿ, ನಡುವೆ ಅಲ್ಲಲ್ಲಿ ಸಾಸಿವೆ ಗಾತ್ರದ ಚೂರು ಇದ್ದರೆ ಕಚ್ಚಿದಾಗ ಕರುಮ್ ಎನ್ನುತ್ತದೆ. ಬಿಸ್ಕೆಟ್ಟನ್ನು ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಲಟ್ಟಣಿಗೆಯಿಂದ ಒತ್ತಿದರೆ ಈ ತರಿ ಮಿಕ್ಸಿಗಿಂತ ಚೆನ್ನಾಗಿ ಬರುತ್ತದೆ.

15 ಗ್ರಾಂ ತುಪ್ಪ ಇರುವುದು ಈ ಪುಡಿಗೆ. ಕರಗಿಸಿ ಪುಡಿಯ ಮೇಲೆ ಹಾಕಿ, ಕೈಯಿಂದ ಚೆನ್ನಾಗಿ ಉಜ್ಜಿ ಹತ್ತು ನಿಮಿಷ ಬಿಡಿ. ರವೆಯನ್ನು ತುಪ್ಪದಲ್ಲಿ ಹುರಿದರೆ ಉಪ್ಪಿಟ್ಟು ಗಂಟಾಗದೆ ಉದುರಾಗುವ ಹಾಗೆಯೇ ಇದೂ. ಪ್ರತಿ ಚೂರಿಗೂ ಜಿಡ್ಡಿನ ತೆಳು ಹೊದಿಕೆ ಬಿದ್ದು, ಕ್ಯಾರಮೆಲ್‌ನ ನೀರು ಒಳಗಿಳಿಯುವುದು ನಿಧಾನವಾಗುತ್ತದೆ. ಈ ಸಣ್ಣ ಕೆಲಸ ಬಿಟ್ಟರೆ ಮಾರನೆಯ ದಿನಕ್ಕೇ ಗರಿಗರಿ ಸತ್ತು ಹೋಗಿರುತ್ತದೆ.

ಕ್ಯಾರಮೆಲ್

ಬೆಳ್ಳಗೆ ಹೊಳೆಯುವ, ದಪ್ಪ ತಳದ, ಎತ್ತರದ ಸ್ಟೀಲ್ ಪಾತ್ರೆ ಆರಿಸಿಕೊಳ್ಳಿ. ಕಪ್ಪು ನಾನ್‌ಸ್ಟಿಕ್‌ನಲ್ಲಿ ಸಕ್ಕರೆಯ ಬಣ್ಣ ಗೊತ್ತಾಗುವುದಿಲ್ಲ, ಇಲ್ಲಿ ಬಣ್ಣವೇ ಮುಖ್ಯ. ಎತ್ತರ ಬೇಕಾದದ್ದು ಕ್ರೀಮ್ ಹಾಕಿದಾಗ ಮಿಶ್ರಣ ಮೂರು ಪಟ್ಟು ಉಕ್ಕುವುದರಿಂದ. ಒಲೆ ಹಚ್ಚುವ ಮುಂಚೆ ಖಾಲಿ ಪಾತ್ರೆಯನ್ನು, ಕಲಕುವ ಸೌಟಿನ ಸಮೇತ, ತೂಗಿ ಬರೆದಿಟ್ಟುಕೊಳ್ಳಿ.

ಸಕ್ಕರೆಗೆ ನೀರು ಹಾಕದೆ ನೇರವಾಗಿ ಕರಗಿಸುವ ವಿಧಾನವೇ ಇಷ್ಟು ಸಣ್ಣ ಪ್ರಮಾಣಕ್ಕೆ ಸುಲಭ. 50 ಗ್ರಾಂ ಸಕ್ಕರೆಯನ್ನು ತಳದಲ್ಲಿ ಹರಡಿ ಮಧ್ಯಮ ಉರಿ ಇಡಿ. ಅಂಚಿನಲ್ಲಿ ಕರಗತೊಡಗಿದಾಗ ಪಾತ್ರೆಯನ್ನು ಮೆಲ್ಲಗೆ ತಿರುಗಿಸಿ. ಪೂರ್ತಿ ಕರಗಿದ ಮೇಲೆ ಇನ್ನು 50, ಅದೂ ಕರಗಿದ ಮೇಲೆ ಕೊನೆಯ 50. ನಡುವೆ ಗಂಟು ಕಂಡರೆ ಗಾಬರಿ ಬೇಡ, ಉರಿ ತಗ್ಗಿಸಿ ಕಾದರೆ ಕರಗುತ್ತವೆ. ನೀರು ಹಾಕಿ ಪಾಕ ಮಾಡುವವರು ಮಾತ್ರ ಕುದಿ ಬಂದ ಮೇಲೆ ಸೌಟು ಆಡಿಸಬಾರದು. ಪಾತ್ರೆಯ ಗೋಡೆಗೆ ಅಂಟಿದ ಒಂದು ಹರಳು ಪಾಕಕ್ಕೆ ಬಿದ್ದರೂ ಇಡೀ ಪಾಕ ಮರಳುಗಟ್ಟುತ್ತದೆ. ಜಾಮೂನಿನ ಪಾಕಕ್ಕೆ ಹಿಂಡುವ ಹಾಗೆ ನಾಲ್ಕು ಹನಿ ನಿಂಬೆರಸ ಹಾಕಿದರೆ ಸಕ್ಕರೆಯ ಒಂದಿಷ್ಟು ಭಾಗ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆದು, ಹರಳು ಕಟ್ಟುವುದಕ್ಕೆ ಅಡ್ಡಿಯಾಗುತ್ತದೆ.

160 ಡಿಗ್ರಿ ದಾಟಿದ ಮೇಲೆ ಬಣ್ಣ ಏರುವುದು ಬಹಳ ಬೇಗ. ಮೊದಲು ಜೇನು, ಆಮೇಲೆ ಹೊಸ ತಾಮ್ರದ ಚೊಂಬಿನ ಬಣ್ಣ, ಅದರಾಚೆ ಕಾಫಿ ಡಿಕಾಕ್ಷನ್. ನಿಲ್ಲಬೇಕಾದದ್ದು ತಾಮ್ರದಲ್ಲಿ. ಜೇನಿನಲ್ಲೇ ನಿಲ್ಲಿಸಿದರೆ ಬರೀ ಸಿಹಿ. ಬಿಸ್ಕೆಟ್, ಚಾಕೊಲೇಟ್ ಎರಡರಲ್ಲೂ ಸಕ್ಕರೆ ಇರುವುದರಿಂದ ಕ್ಯಾರಮೆಲ್‌ನಲ್ಲಿ ಒಂಚೂರು ಕಹಿ ಇದ್ದರೇ ಉಂಡೆಗೆ ರುಚಿ ನಿಲ್ಲುವುದು. ಹೊಗೆ ಏಳತೊಡಗಿದರೆ ಕೈಮೀರಿತೆಂದೇ ಅರ್ಥ.

ತಾಮ್ರ ಬಂದ ಕೂಡಲೇ ಒಲೆ ಆರಿಸಿ, ಪಕ್ಕದಲ್ಲಿ ಬಿಸಿಮಾಡಿಟ್ಟ ಕ್ರೀಮನ್ನು ಮೂರು ಸಲವಾಗಿ ಸುರಿಯಿರಿ. ತಣ್ಣನೆ ಕ್ರೀಮ್ ಹಾಕಿದರೆ ಸಕ್ಕರೆ ಕಲ್ಲಾಗುತ್ತದೆ, ಮೇಲಾಗಿ ಉಕ್ಕುವ ರಭಸವೂ ಜಾಸ್ತಿ. 170 ಡಿಗ್ರಿ ಸಕ್ಕರೆ ಕೈಗೆ ಸಿಡಿದರೆ ಕುದಿಯುವ ನೀರಿನ ಹಾಗೆ ಜಾರಿ ಹೋಗುವುದಿಲ್ಲ, ಅಂಟಿಕೊಂಡು ಸುಡುತ್ತಲೇ ಇರುತ್ತದೆ. ಉದ್ದ ಹಿಡಿಯ ಸೌಟು ಬಳಸಿ, ಮುಖ ದೂರವಿರಲಿ, ಮಕ್ಕಳು ಈ ಹತ್ತು ನಿಮಿಷ ಅಡುಗೆಮನೆಯಿಂದ ಹೊರಗಿರಲಿ. ಒಂದು ವೇಳೆ ಸಿಡಿದರೆ ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು, ಬೆಣ್ಣೆ ಹಚ್ಚಬಾರದು.

ಉಬ್ಬರ ಇಳಿದ ಮೇಲೆ ಬೆಣ್ಣೆ, ಉಪ್ಪು ಹಾಕಿ ಮತ್ತೆ ಸಣ್ಣ ಉರಿಯಲ್ಲಿ ಕಲಕುತ್ತಾ ಕಾಯಿಸಿ. ಇಲ್ಲಿಂದ ನಡೆಯುವುದು ಬರೀ ನೀರು ಆರಿಸುವ ಕೆಲಸ. ಕ್ರೀಮ್ ಮತ್ತು ಬೆಣ್ಣೆಯಿಂದ ಬಂದ ನೀರು ಸುಮಾರು 90 ಗ್ರಾಂ. ಅದರಲ್ಲಿ ಮುಕ್ಕಾಲು ಪಾಲಿಲ್ಲದಿದ್ದರೂ ಅರ್ಧಕ್ಕಿಂತ ಹೆಚ್ಚು ಹೋಗಬೇಕು. ಸಮುದ್ರಮಟ್ಟದ ಊರಲ್ಲಿ ಥರ್ಮಾಮೀಟರ್ 112-113 ಡಿಗ್ರಿ ತೋರಿಸಿದಾಗ ಹದ ಸರಿ. ಮಂಗಳೂರಿನಲ್ಲಿ ಈ ಅಂಕಿ ಹಾಗೆಯೇ ನಡೆಯುತ್ತದೆ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಅಲ್ಲಿ ನೀರು ಕುದಿಯುವುದೇ 97 ಡಿಗ್ರಿಯ ಹತ್ತಿರ, ಆದ್ದರಿಂದ ಅದೇ ಹದ 109-110ಕ್ಕೇ ಸಿಗುತ್ತದೆ. ಅಮೆರಿಕದ ಪಾಕವಿಧಾನ ನೋಡಿಕೊಂಡು ಬೆಂಗಳೂರಿನಲ್ಲಿ 113ರವರೆಗೆ ಕಾಯಿಸಿದರೆ ಗಟ್ಟಿ ಮಿಠಾಯಿಯ ಕಡೆಗೆ ಹೋಗಿಬಿಡುತ್ತದೆ. ಮೊದಲು ಥರ್ಮಾಮೀಟರನ್ನು ಕುದಿಯುವ ನೀರಿನಲ್ಲಿಟ್ಟು ಎಷ್ಟು ತೋರಿಸುತ್ತದೆಂದು ನೋಡಿ, ಅದಕ್ಕೆ 12-13 ಕೂಡಿಸಿ. ಊರು ಯಾವುದಾದರೂ ಲೆಕ್ಕ ತಪ್ಪುವುದಿಲ್ಲ.

ಥರ್ಮಾಮೀಟರ್ ಇಲ್ಲದಿದ್ದರೂ ನಡೆಯುತ್ತದೆ. ಕಜ್ಜಾಯಕ್ಕೆ ಬೆಲ್ಲದ ಪಾಕ ನೋಡುವ ಹಾಗೆ ಬಟ್ಟಲಿನ ತಣ್ಣೀರಿಗೆ ಒಂದು ತೊಟ್ಟು ಬಿಡಿ. ಬೆರಳಿನಿಂದ ಕೂಡಿಸಿದರೆ ಮೆತ್ತನೆಯ ಉಂಡೆಯಾಗಬೇಕು, ಮೇಲೆತ್ತಿದರೆ ಬೆರಳ ತುದಿಯಲ್ಲಿ ಮೆಲ್ಲಗೆ ಇಳಿಬೀಳಬೇಕು. ನೀರಿನಲ್ಲಿ ಕರಗಿ ಹರಡಿದರೆ ಇನ್ನೂ ಕಾಯಬೇಕು, ಠಣ್ ಎನ್ನುವ ಉಂಡೆಯಾದರೆ ಹೆಚ್ಚಾಯಿತು. ಎಲ್ಲಕ್ಕಿಂತ ನಂಬಿಕೆಯದು ತಕ್ಕಡಿ. ಹಾಕಿದ್ದು ಒಟ್ಟು 320 ಗ್ರಾಂಗಿಂತ ಚೂರು ಹೆಚ್ಚು. ಪಾತ್ರೆ, ಸೌಟಿನ ತೂಕ ಕಳೆದು 260-265 ಗ್ರಾಂ ಉಳಿದಾಗ ನಿಲ್ಲಿಸಿ. ಬಿಸಿ ಪಾತ್ರೆಯ ಕೆಳಗೆ ಮರದ ಮಣೆಯಿಟ್ಟು ತೂಗಿ, ಇಲ್ಲದಿದ್ದರೆ ತಕ್ಕಡಿ ಕೆಡುತ್ತದೆ. ಮಣೆಯ ತೂಕ ಕಳೆಯುವುದನ್ನು ಮರೆಯಬೇಡಿ.

ಕಾಯಿಸುವಾಗ ಅಂಚಿನಲ್ಲಿ ಬೆಣ್ಣೆ ಬೇರ್ಪಟ್ಟು ಎಣ್ಣೆಯ ಹಾಗೆ ತೇಲಿದರೆ ಕ್ಯಾರಮೆಲ್ ಒಡೆದಿದೆ. ನೀರು ಬೇಕಾದ್ದಕ್ಕಿಂತ ಹೆಚ್ಚು ಆರಿ, ಜಿಡ್ಡನ್ನು ಹಿಡಿದಿಡುವಷ್ಟು ಉಳಿದಿಲ್ಲವೆಂದರ್ಥ. ಒಲೆಯಿಂದ ಇಳಿಸಿ ಒಂದು ದೊಡ್ಡ ಚಮಚ ಬಿಸಿನೀರು ಹಾಕಿ ರಭಸದಿಂದ ಕಲಕಿದರೆ ಮತ್ತೆ ಕೂಡಿಕೊಳ್ಳುತ್ತದೆ.

ಕಲೆಸಿ ಉಂಡೆ ಕಟ್ಟುವುದು

ಶೇಂಗಾ ಉಂಡೆ, ಎಳ್ಳುಂಡೆ ಕಟ್ಟಿ ರೂಢಿಯಿದ್ದವರಿಗೆ ಇಲ್ಲಿ ಒಂದು ಅಭ್ಯಾಸ ಬಿಡಬೇಕಾಗುತ್ತದೆ. ಅಲ್ಲಿ ಪಾಕ ಬಿಸಿಯಿದ್ದಾಗಲೇ ಕೈ ಸುಟ್ಟುಕೊಂಡಾದರೂ ಬೇಗ ಕಟ್ಟಬೇಕು. ಇಲ್ಲಿ ಕಾಯಬೇಕು. ಕ್ಯಾರಮೆಲ್ ಐದಾರು ನಿಮಿಷ ಆರಿ, ಇನ್ನೂ ಹರಿಯುವಷ್ಟು ಬಿಸಿಯಿದ್ದಾಗ ಬಿಸ್ಕೆಟ್ ಮತ್ತು ಕೊಬ್ಬರಿಯ ಮೇಲೆ ಸುರಿದು ಸೌಟಿನಿಂದ ಕಲೆಸಿ. ಆಗ ನೋಡಿದರೆ ತೀರ ಅಂಟಂಟಾಗಿ ಇರುತ್ತದೆ. ಅಯ್ಯೋ ನೀರಾಯಿತೆಂದು ಇನ್ನಷ್ಟು ಬಿಸ್ಕೆಟ್ ಸುರಿದರೆ ಅಲ್ಲೇ ಕೆಟ್ಟಿತು. ಮುಚ್ಚಿ ಅರ್ಧ ಗಂಟೆ ಬಿಡಿ. ಅಷ್ಟರಲ್ಲಿ ಪುಡಿ ತನಗೆ ಬೇಕಾದಷ್ಟು ಹೀರಿಕೊಂಡು, ಕ್ಯಾರಮೆಲ್ ತಣಿದು, ಮಿಶ್ರಣ ಚಪಾತಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿಯಾಗಿ ನಿಲ್ಲುತ್ತದೆ.

ಒಂದು ಉಂಡೆ ಕಟ್ಟಿ ತಟ್ಟೆಯಲ್ಲಿಟ್ಟು ಹತ್ತು ನಿಮಿಷ ನೋಡಿ. ಬಿರುಕು ಬಿಟ್ಟರೆ ಒಂದು ಟೀ ಚಮಚ ಬಿಸಿ ಕ್ರೀಮ್, ಇಳಿದು ಚಪ್ಪಟೆಯಾದರೆ 20 ಗ್ರಾಂ ಬಿಸ್ಕೆಟ್ ಪುಡಿ. ಆಮೇಲೆ ಉಳಿದದ್ದನ್ನು 15 ಗ್ರಾಂ ತೂಗಿ ತೂಗಿ ಕಟ್ಟಿ. ಕೈಗೆ ತುಪ್ಪ ಸವರಿಕೊಳ್ಳಿ, ನೀರು ಮುಟ್ಟಿಸಬೇಡಿ. ಉಂಡೆಯ ಮೈಮೇಲಿನ ನೀರು ಮುಂದೆ ಚಾಕೊಲೇಟ್ ಪಾತ್ರೆಗೆ ಹೋಗುತ್ತದೆ.

ಚಾಕೊಲೇಟ್

ಅಂಗಡಿಯಲ್ಲಿ ಚಾಕೊಲೇಟ್ ಎಂದು ಸಿಗುವುದು ಎರಡು ಬೇರೆ ವಸ್ತುಗಳು. ಹಿಂಬದಿಯ ಚೀಟಿಯಲ್ಲಿ ಜಿಡ್ಡು ಬರೀ ಕೋಕೋ ಬೆಣ್ಣೆ ಎಂದಿದ್ದರೆ ಅದು ನಿಜವಾದ ಚಾಕೊಲೇಟ್. ಹೈಡ್ರೋಜನೇಟೆಡ್ ವೆಜಿಟೆಬಲ್ ಫ್ಯಾಟ್ ಎಂದಿದ್ದರೆ ಅದು ಕಾಂಪೌಂಡ್. ನಮ್ಮ ಬೇಕರಿಗಳಲ್ಲಿ ಹೆಚ್ಚಾಗಿ ಓಡುವುದು ಕಾಂಪೌಂಡ್. ಅದನ್ನು 40-45 ಡಿಗ್ರಿಗೆ ಕರಗಿಸಿ ಅದ್ದಿದರೆ ಸಾಕು, ತಾನಾಗಿಯೇ ಹೊಳೆದು ಗಟ್ಟಿಯಾಗುತ್ತದೆ, ಬೇಸಿಗೆಯಲ್ಲೂ ಬೇಗ ಕರಗುವುದಿಲ್ಲ. ರುಚಿಯಲ್ಲಿ ಮಾತ್ರ ಹೋಲಿಕೆಯೇ ಇಲ್ಲ. ಕೋಕೋ ಬೆಣ್ಣೆ 34 ಡಿಗ್ರಿಯ ಸುಮಾರಿಗೆ ಕರಗುತ್ತದೆ, ಬಾಯಿಯ ಕಾವು ಅದಕ್ಕಿಂತ ಹೆಚ್ಚು, ಹಾಗಾಗಿ ನಾಲಿಗೆಯ ಮೇಲೆ ಪೂರ್ತಿ ನೀರಾಗುತ್ತದೆ. ಕಾಂಪೌಂಡ್ ಅನೇಕ ಸಲ ಮೇಣದ ಪದರವೊಂದನ್ನು ಬಾಯಲ್ಲಿ ಬಿಟ್ಟು ಹೋಗುತ್ತದೆ. ದಕ್ಷಿಣ ಕನ್ನಡದ ಅಡಿಕೆ ತೋಟಗಳ ನೆರಳಲ್ಲೇ ಕೋಕೋ ಬೆಳೆಯುವ ನಾಡು ನಮ್ಮದು, ಪುತ್ತೂರಿನಲ್ಲಿ ಕ್ಯಾಂಪ್ಕೊ ಸಹಕಾರಿ ಸಂಸ್ಥೆಯ ಚಾಕೊಲೇಟ್ ಕಾರ್ಖಾನೆ 1986ರಿಂದ ನಡೆಯುತ್ತಿದೆ. ಇಷ್ಟು ಶ್ರಮ ಪಟ್ಟು ಕ್ಯಾರಮೆಲ್ ಮಾಡಿದ ಮೇಲೆ ನಿಜವಾದ ಚಾಕೊಲೇಟನ್ನೇ ಹಾಕಬೇಕು. ಎರಡನ್ನೂ ಬೆರೆಸುವುದಂತೂ ಬೇಡ. ಎರಡೂ ಜಿಡ್ಡು ಒಂದಕ್ಕೊಂದು ಹೊಂದದೆ ಕವಚ ಮೆತ್ತಗಾಗಿ, ದಿನ ಕಳೆದಂತೆ ಬೂದುಬಣ್ಣ ತಿರುಗುತ್ತದೆ.

ನಿಜವಾದ ಚಾಕೊಲೇಟಿಗೆ ಟೆಂಪರಿಂಗ್ ಬೇಕು, ಅಂದರೆ ಕರಗಿಸಿ ಹದವಾದ ಕಾವಿಗೆ ಇಳಿಸಿ ಸರಿಯಾದ ಹರಳು ಕಟ್ಟಿಸುವ ಕೆಲಸ. ಕೋಕೋ ಬೆಣ್ಣೆ ಆರು ಬಗೆಯ ಹರಳುಗಳಾಗಿ ಗಟ್ಟಿಯಾಗಬಲ್ಲದು. ಅವುಗಳಲ್ಲಿ ಐದನೆಯ ಬಗೆ ಮಾತ್ರ ಹೊಳಪು ಕೊಡುತ್ತದೆ, ಮುರಿದರೆ ಟಕ್ ಎನ್ನುತ್ತದೆ, ಕೈಗೆ ಹತ್ತುವುದಿಲ್ಲ. ಸುಮ್ಮನೆ ಕರಗಿಸಿ ಅದ್ದಿದರೆ ಹರಳುಗಳು ಬೆರಕೆಯಾಗಿ ಕಟ್ಟಿ, ಒಂದೆರಡು ದಿನದಲ್ಲಿ ಜಿಡ್ಡು ಮೇಲೆದ್ದು ಬಿಳಿ ಪಟ್ಟೆ ಮೂಡುತ್ತದೆ. ಅದು ಬೂಷ್ಟಲ್ಲ, ತಿನ್ನಬಹುದು, ನೋಡಲು ಚೆನ್ನಾಗಿರುವುದಿಲ್ಲ ಅಷ್ಟೆ.

ಮನೆಯಲ್ಲಿ ಸುಲಭದ ದಾರಿ ಹೆಪ್ಪು ಹಾಕುವ ಲೆಕ್ಕವೇ. 300 ಗ್ರಾಂನಲ್ಲಿ 200 ಗ್ರಾಂ ಚೂರುಮಾಡಿ 45-48 ಡಿಗ್ರಿಗೆ ಕರಗಿಸಿ. ಇಳಿಸಿ, ಸಣ್ಣಗೆ ಹೆಚ್ಚಿದ ಉಳಿದ 100 ಗ್ರಾಂ ಹಾಕಿ ಕಲಕುತ್ತಿರಿ. ಕರಗದ ಚೂರುಗಳಲ್ಲಿರುವ ಒಳ್ಳೆಯ ಹರಳುಗಳು, ಹಾಲಿಗೆ ಬಿದ್ದ ಮೊಸರಿನ ಹಾಗೆ, ಉಳಿದದ್ದನ್ನೂ ತಮ್ಮ ಬಗೆಗೆ ತಿರುಗಿಸುತ್ತವೆ. ಡಾರ್ಕ್ ಚಾಕೊಲೇಟ್ 31-32, ಮಿಲ್ಕ್ ಚಾಕೊಲೇಟ್ 29-30 ಡಿಗ್ರಿಗೆ ಇಳಿದಾಗ ಅದ್ದಲು ಸಿದ್ಧ. ಚಾಕುವಿನ ತುದಿ ಅದ್ದಿ ಪಕ್ಕಕ್ಕಿಡಿ. ಐದು ನಿಮಿಷದೊಳಗೆ ಹೊಳಪಿನೊಂದಿಗೆ ಗಟ್ಟಿಯಾದರೆ ಹದ ಬಂದಿದೆ. ಕೋಣೆ 24 ಡಿಗ್ರಿಗಿಂತ ಬೆಚ್ಚಗಿದ್ದರೆ ಈ ಪರೀಕ್ಷೆ ಪಾಸಾಗುವುದು ಕಷ್ಟ. ರಾಯಚೂರು, ಕಲಬುರಗಿಯ ಏಪ್ರಿಲ್‌ನಲ್ಲಿ ಎಸಿ ಇಲ್ಲದೆ ಟೆಂಪರಿಂಗಿಗೆ ಕೈ ಹಾಕುವುದಕ್ಕಿಂತ ಕಾಂಪೌಂಡ್ ಬಳಸುವುದೇ ಜಾಣತನ.

ಕರಗಿಸುವಾಗ ನೀರಿನ ಕಾವಲು ಬಿಗಿಯಾಗಿರಬೇಕು. ಚಾಕೊಲೇಟ್ ಎಂದರೆ ಜಿಡ್ಡಿನಲ್ಲಿ ತೇಲುವ ಒಣ ಸಕ್ಕರೆ ಮತ್ತು ಕೋಕೋ ಕಣಗಳು, ನೀರಿನಂಶ ನೂರಕ್ಕೆ ಒಂದೂ ಇರುವುದಿಲ್ಲ. ನಾಲ್ಕು ಹನಿ ನೀರು ಬಿದ್ದರೆ ಸಕ್ಕರೆ ಕಣಗಳು ನೆನೆದು ಒಂದಕ್ಕೊಂದು ಅಂಟಿ, ಇಡೀ ಪಾತ್ರೆ ಕ್ಷಣದಲ್ಲಿ ತರಿತರಿ ಮುದ್ದೆಯಾಗುತ್ತದೆ. ಕುದಿನೀರಿನ ಪಾತ್ರೆಯ ಮೇಲೆ ಬಟ್ಟಲಿಟ್ಟು ಕರಗಿಸುವುದಾದರೆ, ಆವಿ ಪಕ್ಕದಿಂದ ಏಳದಂತೆ ಬಟ್ಟಲು ಪಾತ್ರೆಗಿಂತ ಅಗಲವಿರಲಿ. ಮೈಕ್ರೋವೇವ್ ಇದ್ದರೆ ಅರ್ಧ ಪವರ್‌ನಲ್ಲಿ 30 ಸೆಕೆಂಡಿಗೊಮ್ಮೆ ತೆಗೆದು ಕಲಕುವುದು ಇನ್ನೂ ಸುರಕ್ಷಿತ. ಮುದ್ದೆಯಾದದ್ದು ಅದ್ದುವುದಕ್ಕೆ ಮತ್ತೆ ಬರುವುದಿಲ್ಲ. ಅದಕ್ಕೆ ಐದಾರು ಚಮಚ ಬಿಸಿ ಹಾಲು ಹಾಕಿದರೆ ಸಕ್ಕರೆ ಪೂರ್ತಿ ಕರಗಿ ಒಳ್ಳೆಯ ಚಾಕೊಲೇಟ್ ಸಾಸ್ ಆಗುತ್ತದೆ.

ಅದ್ದುವ ಉಂಡೆಗಳು ಫ್ರಿಜ್‌ನಿಂದ ಆಗತಾನೆ ತೆಗೆದವಾಗಿರಬಾರದು. ತಣ್ಣಗಿನ ಉಂಡೆ ಕೋಣೆಯ ಕಾವಿಗೆ ಹಿಗ್ಗಿದಾಗ ಹೊರಗಿನ ಕವಚ ಸೀಳುತ್ತದೆ, ಅದರ ಮೇಲೆ ಕೂತ ಇಬ್ಬನಿ ಚಾಕೊಲೇಟನ್ನೂ ಕೆಡಿಸುತ್ತದೆ. ಉಂಡೆ ಬೆಚ್ಚಗಿದ್ದರೆ ಕವಚ ತೆಳುವಾಗುತ್ತದೆ. 20 ಡಿಗ್ರಿಯ ಆಸುಪಾಸು ಒಳ್ಳೆಯದು. ಫೋರ್ಕ್ ಮೇಲೆ ಉಂಡೆ ಕೂರಿಸಿ ಮುಳುಗಿಸಿ, ಎತ್ತಿ, ಬಟ್ಟಲಿನ ಅಂಚಿಗೆ ಮೂರು ನಾಲ್ಕು ಸಲ ತಟ್ಟಿ, ತಳವನ್ನು ಅಂಚಿಗೆ ಸವರಿ ಬಟರ್ ಪೇಪರ್ ಮೇಲೆ ಜಾರಿಸಿ. ತಟ್ಟದೆ ಇಟ್ಟರೆ ಪ್ರತಿ ಉಂಡೆಗೂ ಅಗಲವಾದ ಪಾದ ಮೂಡುತ್ತದೆ. ಹುರಿದ ಕೊಬ್ಬರಿಯನ್ನು ಕೂಡಲೇ ಉದುರಿಸಿ, ಒಂದು ನಿಮಿಷ ತಡವಾದರೂ ಅಂಟುವುದಿಲ್ಲ. ಗೆರೆ ಎಳೆಯುವುದಿದ್ದರೆ ಕವಚ ಗಟ್ಟಿಯಾದ ಮೇಲೆ ಕಾಗದದ ಪೊಟ್ಟಣದ ತುದಿ ಕತ್ತರಿಸಿ ಎಳೆಯಿರಿ. ಎಲ್ಲಾದರೂ ಸೂಜಿಮೊನೆಯಷ್ಟು ತೂತು ಉಳಿದಿದ್ದರೆ ಎರಡು ಮೂರು ದಿನದಲ್ಲಿ ಅಲ್ಲಿಂದ ಕ್ಯಾರಮೆಲ್ ಜಿನುಗುತ್ತದೆ, ಒಂದು ತೊಟ್ಟು ಚಾಕೊಲೇಟ್‌ನಿಂದ ಆಗಲೇ ಮುಚ್ಚಿಬಿಡಿ.

ಕಂಡೆನ್ಸ್ಡ್ ಮಿಲ್ಕ್ ದಾರಿ

ಸಕ್ಕರೆ ಕರಗಿಸಲು ಭಯವಿದ್ದರೆ ಕಂಡೆನ್ಸ್ಡ್ ಮಿಲ್ಕ್ 300 ಗ್ರಾಂ, ಬೆಣ್ಣೆ 30 ಗ್ರಾಂ, ಎರಡು ಚಿಟಿಕೆ ಉಪ್ಪನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ, ಕಂದು ಬಣ್ಣ ಬಂದು ಹಲ್ವದ ಹಾಗೆ ತಳ ಬಿಡತೊಡಗುವವರೆಗೆ ಮಗುಚಿ. ಇಲ್ಲಿ ಬಣ್ಣ ಬರುವುದು ಹಾಲಿನ ಪ್ರೋಟೀನ್ ಮತ್ತು ಸಕ್ಕರೆ ಕೂಡಿ ಕಂದುವುದರಿಂದ. ರುಚಿ ಮೆತ್ತಗೆ, ಹಾಲ್ಕೋವಾಕ್ಕೆ ಹತ್ತಿರ, ತಾಮ್ರದ ಹದದ ಕಹಿ ಇದರಲ್ಲಿ ಸಿಗುವುದಿಲ್ಲ. ಇದೂ 260 ಗ್ರಾಂ ಸುಮಾರಿಗೆ ಇಳಿದಾಗ ನಿಲ್ಲಿಸಿ, ಉಳಿದ ಅಳತೆ ಮೊದಲಿನದೇ. ಮುಚ್ಚಿದ ಡಬ್ಬಿಯನ್ನೇ ಕುಕ್ಕರಿನಲ್ಲಿಟ್ಟು ಕೂಗಿಸುವ ಉಪಾಯ ಅಲ್ಲಲ್ಲಿ ಕೇಳಿಬರುತ್ತದೆ. ಒಳಗಿನ ಒತ್ತಡಕ್ಕೆ ಡಬ್ಬಿ ಸಿಡಿಯಬಹುದು, ಅದನ್ನು ಮಾಡಲೇಬೇಡಿ.

ಇಡುವುದು

ಗಾಳಿಯಾಡದ ಡಬ್ಬಿಯಲ್ಲಿ, ತಂಪಾದ ಕೋಣೆಯಲ್ಲಿ ಒಂದು ವಾರ ಚೆನ್ನಾಗಿರುತ್ತವೆ. ಕ್ಯಾರಮೆಲ್ ಗಾಳಿಯ ತೇವವನ್ನು ಎಳೆದುಕೊಳ್ಳುವ ಗುಣದ್ದು, ಆದ್ದರಿಂದ ಕರಾವಳಿಯ ಮಳೆಗಾಲದಲ್ಲಿ ಮುಚ್ಚಳ ತೆರೆದಿಟ್ಟರೆ ಮೂರೇ ದಿನಕ್ಕೆ ಬಿಸ್ಕೆಟ್ ಮೆತ್ತಗಾಗುತ್ತದೆ. ಸೆಕೆಗಾಲದಲ್ಲಿ ಫ್ರಿಜ್ ಅನಿವಾರ್ಯವಾದರೆ ಉಂಡೆಗಳ ನಡುವೆ ಬಟರ್ ಪೇಪರ್ ಹಾಕಿ, ಡಬ್ಬಿಯನ್ನು ಇನ್ನೊಂದು ಚೀಲದೊಳಗೆ ಸುತ್ತಿಡಿ. ಹೊರತೆಗೆದ ಮೇಲೆ ಒಂದು ಗಂಟೆ ಮುಚ್ಚಳ ತೆಗೆಯಬೇಡಿ. ಆ ಹೊತ್ತಿನಲ್ಲಿ ಇಬ್ಬನಿ ಡಬ್ಬಿಯ ಹೊರಮೈಗೆ ಕಟ್ಟಿ ಒರೆಸಿದರೆ ಹೋಗುತ್ತದೆ. ಮೊದಲೇ ತೆರೆದರೆ ಅದೇ ಇಬ್ಬನಿ ಚಾಕೊಲೇಟಿನ ಮೇಲೆ ಕೂತು, ಸಕ್ಕರೆಯನ್ನು ಕರಗಿಸಿ, ಒಣಗಿದಾಗ ಒರಟಾದ ಬಿಳಿ ಕಲೆಯಾಗಿ ಉಳಿಯುತ್ತದೆ.